ಅವಿರೋಧದಿಂದ 89 ಮತಗಳವರೆಗೆ: ಮಂಜೇಶ್ವರದ ಚುನಾವಣೆಯ ಕಥೆ



2016ರ ಮೇ 19. ಕೇರಳ, ತಮಿಳುನಾಡು, ಪುದುಚೇರಿ, ಪಶ್ಚಿಮ ಬಂಗಾಳ ಮತ್ತು ಅಸ್ಸಾಂ ವಿಧಾನಸಭೆಗಳ ಮತ ಎಣಿಕೆಯ ದಿನ. ಅಂದು ಸಂಜೆ ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಎರಡು ಚಿತ್ರಗೀತೆಗಳ ನಡುವೆ ಫಲಿತಾಂಶವನ್ನು ನಾಲ್ಕೇ ಸಾಲುಗಳಲ್ಲಿ ಓದಿ ಮುಗಿಸಿದ್ದೆ. ಕಾರ್ಯಕ್ರಮ ಮುಗಿಯುವಷ್ಟರಲ್ಲಿ ಫೋನ್ ಬಂತು. ಆಚೆ ಕಡೆ ಹಿರಿಯರೊಬ್ಬರ ದನಿ.

"ಅಲ್ಲ ಮಾರಾಯ್ರೇ, ಜಯಲಲಿತಾ ಗೆದ್ದದ್ದು ಹೇಳಿದ್ರಿ, ಮಮತಾ ಗೆದ್ದದ್ದು ಹೇಳಿದ್ರಿ. ನಮ್ಮ ಮಂಜೇಶ್ವರದ್ದು ಏನಾಯ್ತು ಅಂತ ಹೇಳ್ಲೇ ಇಲ್ಲ!"

"ಮಂಜೇಶ್ವರ ಕೇರಳದಲ್ಲಿ ಅಲ್ವಾ?" ಎಂದು ಬಾಯಿತಪ್ಪಿ ಕೇಳಿಬಿಟ್ಟೆ. ಕನ್ನಡದಲ್ಲಿ ಬಿ.ಎ. ಮಾಡಿದವಳು, ಗೋವಿಂದ ಪೈಗಳ ಊರಿನ ಬಗ್ಗೆ ಕೇಳುವ ಪ್ರಶ್ನೆಯೇ ಅದು? ಆಚೆ ಕಡೆ ಒಂದು ಗಳಿಗೆ ಮೌನ. ಆಮೇಲೆ, "ಹೌದು, ಕೇರಳದಲ್ಲೇ. ಅದೇ ಅಲ್ವಾ ನಮ್ಮ ಕಥೆ!" ಎಂದು ನಕ್ಕರು.

ಅವರು ಪೈವಳಿಕೆ ಕಡೆಯವರು. ಹುಡುಗನಾಗಿದ್ದಾಗ ಮುಂಬಯಿಗೆ ಬಂದು ಹೋಟೆಲು ಸೇರಿದವರು. ಅಂದಿನ ಫಲಿತಾಂಶ ಅವರಿಗೆ ಆಗಲೇ ಗೊತ್ತಿತ್ತು. ಗೆದ್ದವರಿಗೂ ಸೋತವರಿಗೂ ನಡುವಿನ ಅಂತರ ಬರೇ 89 ಮತ. "ಎಂಬತ್ತೊಂಬತ್ತು! ನಮ್ಮೂರ ಒಂದು ಮದುವೆ ಊಟದ ಎರಡು ಪಂಕ್ತಿಗೂ ಸಾಲ್ಲಿಕ್ಕಿಲ್ಲ" ಎಂದರು. ಫೋನ್ ಇಡುವ ಮುಂಚೆ ಇನ್ನೊಂದು ಮಾತು ಹೇಳಿದರು: "ನಮ್ಮ ಅಪ್ಪ ಹೇಳ್ತಿದ್ದರು, ಮೊದಲನೇ ಸಲ ನಮ್ಮಲ್ಲಿ ಓಟು ಹಾಕುವ ಕೆಲಸವೇ ಇರ್ಲಿಲ್ಲ ಅಂತ."

ಆ ಮಾತು ನನ್ನ ತಲೆಯಲ್ಲಿ ಉಳಿದುಹೋಯಿತು. ಓಟೇ ಬೇಕಾಗಿರದ ಊರು 89 ಓಟಿಗೆ ಎರಡು ಹೋಳಾಗುವಷ್ಟರಲ್ಲಿ ಏನೇನು ನಡೆದಿರಬೇಕು? ಅಂದಿನಿಂದ ಓದಿ, ಕೇಳಿ ತಿಳಿದುಕೊಂಡದ್ದನ್ನು ಈ ಸಲ ನಿಮ್ಮ ಮುಂದೆ ಇಡುತ್ತಿದ್ದೇನೆ.

ರೈಲಿನ ಕಿಟಕಿಯಿಂದ

ನಿಮ್ಮಲ್ಲಿ ಅನೇಕರು ಮುಂಬಯಿಯಿಂದ ನೇತ್ರಾವತಿ ಎಕ್ಸ್‌ಪ್ರೆಸ್ಸಿನಲ್ಲಿ ಊರಿಗೆ ಹೋಗುತ್ತೀರಿ. ಹೆಚ್ಚಿನವರು ಮಂಗಳೂರು ಜಂಕ್ಷನ್ನಿನಲ್ಲಿ ಇಳಿದುಬಿಡುತ್ತೀರಿ. ಇಳಿಯದೆ ಮುಂದೆ ಹೋದರೆ ರೈಲು ನೇತ್ರಾವತಿ ನದಿ ದಾಟುತ್ತದೆ, ಉಳ್ಳಾಲ ದಾಟುತ್ತದೆ, ತಲಪಾಡಿಯ ಬಳಿ ಸದ್ದಿಲ್ಲದೆ ರಾಜ್ಯವನ್ನೂ ದಾಟುತ್ತದೆ. ಅದೇ ತೆಂಗಿನ ತೋಟ, ಅದೇ ಕೆಂಪು ಮಣ್ಣು, ಅದೇ ಮಂಗಳೂರು ಹೆಂಚಿನ ಮಾಡು. ನಿಲ್ದಾಣದ ಹಲಗೆಯ ಮೇಲೆ ಮಾತ್ರ ಮಲಯಾಳ ಕಾಣಿಸಿಕೊಳ್ಳುತ್ತದೆ. ಮಂಜೇಶ್ವರ, ಉಪ್ಪಳ, ಕುಂಬಳೆ. ಇಷ್ಟು ದೂರದ ಬಲಬದಿ ಎಡಬದಿಗಳೇ ನಮ್ಮ ಇಂದಿನ ಕಥೆಯ ಕ್ಷೇತ್ರ.

ಕೇರಳ ವಿಧಾನಸಭೆಯ 140 ಕ್ಷೇತ್ರಗಳ ಈಗಿನ ಪಟ್ಟಿ ತೆರೆದರೆ ಒಂದನೇ ನಂಬರು ಮಂಜೇಶ್ವರದ್ದು. ತೀರ ಉತ್ತರದ ತುದಿಯಿಂದ ಎಣಿಕೆ ಶುರುವಾಗುತ್ತದೆ, ತೀರ ದಕ್ಷಿಣದಲ್ಲಿ ತಿರುವನಂತಪುರ ಜಿಲ್ಲೆಯ ನೆಯ್ಯಾಟಿಂಕರ 140ನೆಯದು. ನಂಬರಿನಲ್ಲಿ ಮೊದಲು, ರಾಜಧಾನಿಯಿಂದ ದೂರದಲ್ಲೂ ಮೊದಲು! ಮಂಗಳೂರಿಗೆ ಇಪ್ಪತ್ತು ಕಿಲೋಮೀಟರಿನ ಆಸುಪಾಸು, ತಿರುವನಂತಪುರಕ್ಕೆ ಸುಮಾರು ಆರುನೂರು.

ಕ್ಷೇತ್ರದಲ್ಲಿ ನಗರಸಭೆ ಎಂಬುದಿಲ್ಲ. 2008ರ ಕ್ಷೇತ್ರ ಪುನರ್‌ವಿಂಗಡಣೆಯ ಪ್ರಕಾರ ಎಂಟು ಗ್ರಾಮ ಪಂಚಾಯತುಗಳು: ಮಂಜೇಶ್ವರ, ವರ್ಕಾಡಿ, ಮೀಂಜ, ಮಂಗಲ್ಪಾಡಿ, ಪೈವಳಿಕೆ, ಪುತ್ತಿಗೆ, ಕುಂಬಳೆ, ಎಣ್ಮಕಜೆ. ಈ ಹಳ್ಳಿಗಳಲ್ಲಿ ಅಡಿಕೆ, ತೆಂಗು, ಭತ್ತ, ಮೀನುಗಾರಿಕೆ, ಬೀಡಿ, ಗಲ್ಫಿನ ಮನಿಯಾರ್ಡರು ಎಲ್ಲ ಇದೆ. ಮಾತುಗಳ ಲೆಕ್ಕವಂತೂ ಕೇಳಬೇಡಿ. ತುಳು, ಕನ್ನಡ, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ, ಉಪ್ಪಳದಲ್ಲಿ ಉರ್ದು. ಸಪ್ತಭಾಷೆಗಳ ನಾಡು ಎಂದು ಕಾಸರಗೋಡಿನವರು ಹೆಮ್ಮೆಯಿಂದ ಹೇಳಿಕೊಳ್ಳುವುದು ಸುಮ್ಮನೆ ಅಲ್ಲ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಸರ್ಕಾರಿ ಕಚೇರಿಯಲ್ಲಿ ಮಲಯಾಳ. ಒಬ್ಬನೇ ಮನುಷ್ಯ ಒಂದೇ ದಿನದಲ್ಲಿ ಈ ಮೂರನ್ನೂ ಮಾತಾಡಿ ಮಲಗುತ್ತಾನೆ. ಯಕ್ಷಗಾನದ ಪಾರ್ತಿಸುಬ್ಬ ಕುಂಬಳೆಯವನು. ಕವಿ ಗೋವಿಂದ ಪೈಗಳ ಮನೆ ಮಂಜೇಶ್ವರದಲ್ಲಿ.

ಗೆರೆ ಬಿದ್ದ ದಿನ

ಈ ನೆಲ ಮೊದಲು ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕಿನ ಭಾಗ. ಜಿಲ್ಲೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಸ್ವಾತಂತ್ರ್ಯ ಬಂದ ಮೇಲೆ ಭಾಷಾವಾರು ರಾಜ್ಯಗಳ ಕೂಗು ಎದ್ದಿತು. 1953ರ ಕೊನೆಗೆ ಫಜಲ್ ಅಲಿಯವರ ಅಧ್ಯಕ್ಷತೆಯಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗ ರಚನೆಯಾಯಿತು. ಎಚ್.ಎನ್. ಕುಂಜ್ರು ಮತ್ತು ಕೆ.ಎಂ. ಪಣಿಕ್ಕರ್ ಉಳಿದಿಬ್ಬರು ಸದಸ್ಯರು. 1955ರ ವರದಿಯಲ್ಲಿ ಆಯೋಗ ಇಡೀ ಕಾಸರಗೋಡು ತಾಲೂಕನ್ನು ಕೇರಳಕ್ಕೆ ಕೊಡಬೇಕೆಂದು ಶಿಫಾರಸು ಮಾಡಿತು. ಕಾಸರಗೋಡಿನ ಕನ್ನಡಿಗರ ವಾದ ಬೇರೆ ಇತ್ತು. ತಾಲೂಕಿನ ನಡುವೆ ಚಂದ್ರಗಿರಿ ಹೊಳೆ ಹರಿಯುತ್ತದೆ, ಅದರ ದಕ್ಷಿಣ ನಿಮಗೆ ಇರಲಿ, ಉತ್ತರ ನಮ್ಮದು ಎಂದು. ಆ ವಾದ ನಡೆಯಲಿಲ್ಲ.

1956ರ ನವೆಂಬರ್ 1. ನಾವೆಲ್ಲ ರಾಜ್ಯೋತ್ಸವ ಎಂದು ಆಚರಿಸುವ ದಿನ. ಮುಂಬಯಿ ಕರ್ನಾಟಕ, ಹೈದರಾಬಾದ್ ಕರ್ನಾಟಕ, ಕೊಡಗು, ಮಂಗಳೂರು ಎಲ್ಲ ಒಂದೇ ಮನೆಗೆ ಬಂದ ದಿನ. ಅದೇ ದಿನ ಕಾಸರಗೋಡು ಮನೆಯಿಂದ ಹೊರಗೆ ಹೋಯಿತು. ಇಲ್ಲಿ ನಗರಗಳಲ್ಲಿ ಕನ್ನಡ ಸಂಘಗಳು ಬಾವುಟ ಹಾರಿಸುವಾಗ ಮಂಜೇಶ್ವರದ ಕಡೆಯವರು ಯಾಕೆ ಸ್ವಲ್ಪ ಸುಮ್ಮನಿರುತ್ತಾರೆ ಎಂದು ನಿಮಗೆ ಅನ್ನಿಸಿದ್ದರೆ, ಕಾರಣ ಇದು.

ಓಟು ಬೇಕಾಗಿರದ ಚುನಾವಣೆ

ನಾಲ್ಕೇ ತಿಂಗಳಲ್ಲಿ, 1957ರ ಫೆಬ್ರವರಿ ಮಾರ್ಚಿನಲ್ಲಿ ಹೊಸ ಕೇರಳ ರಾಜ್ಯದ ಮೊದಲ ಚುನಾವಣೆ ಬಂತು. ಇ.ಎಂ.ಎಸ್. ನಂಬೂದಿರಿಪಾಡ್ ಮುಖ್ಯಮಂತ್ರಿಯಾಗಿ ಕಮ್ಯುನಿಸ್ಟ್ ಸರ್ಕಾರ ಬಂದ ಚುನಾವಣೆ ಅದು. ಇಡೀ ದೇಶ ಅತ್ತ ನೋಡುತ್ತಿದ್ದಾಗ ಉತ್ತರದ ಮೂಲೆಯ ಮಂಜೇಶ್ವರದಲ್ಲಿ ಮತಗಟ್ಟೆಯನ್ನೇ ತೆರೆಯಬೇಕಾಗಲಿಲ್ಲ. ಪಕ್ಷೇತರರಾಗಿ ನಿಂತ ಎಂ. ಉಮೇಶ ರಾವ್ ಅವರ ಎದುರು ಕಣದಲ್ಲಿ ಯಾರೂ ಉಳಿಯಲಿಲ್ಲ. ಅವರು ಅವಿರೋಧವಾಗಿ ಆಯ್ಕೆಯಾದರು.

ಬೇರೆ ಊರುಗಳಲ್ಲಿ ಅವಿರೋಧ ಆಯ್ಕೆ ಎಂದರೆ ದೊಡ್ಡ ಧಣಿಯ ಭಯವೋ ಒಳಒಪ್ಪಂದವೋ ಇರಬಹುದು. ಇಲ್ಲಿ ಸಂದರ್ಭವೇ ಬೇರೆ. ಗಾಯ ಹಸಿಯಾಗಿತ್ತು. ತಿರುವನಂತಪುರಕ್ಕೆ ಯಾವ ಪಕ್ಷದವನನ್ನು ಕಳಿಸಬೇಕು ಎಂಬುದಕ್ಕಿಂತ ಈ ಊರು ನಿಮ್ಮದಲ್ಲ ಎಂದು ಹೇಳಿ ಬರುವವನನ್ನು ಕಳಿಸುವುದು ಮುಖ್ಯವಾಗಿತ್ತು.

1959ರ ಜುಲೈ ಕೊನೆಗೆ ನಂಬೂದಿರಿಪಾಡ್ ಸರ್ಕಾರವನ್ನು ಕೇಂದ್ರ ವಜಾ ಮಾಡಿತು. 1960ರ ಫೆಬ್ರವರಿಯಲ್ಲಿ ಮತ್ತೆ ಚುನಾವಣೆ. ಕೇರಳದ ಉಳಿದೆಡೆ ಕಮ್ಯುನಿಸ್ಟರೋ ಕಮ್ಯುನಿಸ್ಟ್ ವಿರೋಧಿಗಳೋ ಎಂಬ ಒಂದೇ ಪ್ರಶ್ನೆ. ಮಂಜೇಶ್ವರದಲ್ಲಿ ಮಾತ್ರ ಪ್ರಶ್ನೆ ಬದಲಾಗಲಿಲ್ಲ. ಕರ್ನಾಟಕ ಸಮಿತಿಯ ಕೆ. ಮಹಾಬಲ ಭಂಡಾರಿ ಗೆದ್ದರು.

1965ರಲ್ಲಿ ಅವರೇ ಮತ್ತೆ ಗೆದ್ದರು. ಆದರೆ ಆ ಗೆಲುವು ಒಂದು ತಮಾಷೆಯಾಗಿ ಉಳಿಯಿತು. ಯಾವ ಪಕ್ಷಕ್ಕೂ ಬಹುಮತ ಬಾರದೆ ಆ ವಿಧಾನಸಭೆ ಸೇರಲೇ ಇಲ್ಲ. ಗೆದ್ದವರೆಲ್ಲ ಪ್ರಮಾಣವಚನವನ್ನೂ ಮಾಡದೆ ಶಾಸಕರಾಗದೆ ಉಳಿದರು. 1967ರಲ್ಲಿ ಭಂಡಾರಿಯವರು ಮೂರನೇ ಸಲ ಗೆದ್ದರು. ಆ ವರ್ಷ ಪಕ್ಕದ ಕಾಸರಗೋಡು ಕ್ಷೇತ್ರದಲ್ಲೂ ವಿಲೀನೀಕರಣದ ಪರವಾಗಿದ್ದ ವಕೀಲ ಯು.ಪಿ. ಕುಣಿಕುಳ್ಳಾಯರು ಪಕ್ಷೇತರರಾಗಿ ಆರಿಸಿಬಂದರು. ಚಂದ್ರಗಿರಿಯ ಉತ್ತರದ ಎರಡು ಕ್ಷೇತ್ರಗಳೂ ಒಂದೇ ಮಾತು ಹೇಳಿದ ಹಾಗಾಯಿತು.

ಹತ್ತು ವರ್ಷ, ನಾಲ್ಕು ಚುನಾವಣೆ, ಒಂದೇ ತೀರ್ಪು. ಪ್ರಜಾಪ್ರಭುತ್ವದಲ್ಲಿ ಜನ ಇದಕ್ಕಿಂತ ಸ್ಪಷ್ಟವಾಗಿ ಹೇಗೆ ಹೇಳಬಹುದು, ನೀವೇ ಹೇಳಿ!

ವರದಿ ಬಂತು, ಊರು ಬರಲಿಲ್ಲ

ಅದೇ 1967ರಲ್ಲಿ ಅವರ ಮಾತಿಗೆ ಉತ್ತರವೂ ಬಂತು. ಇದರ ಬೇರು ನಮ್ಮ ಮಹಾರಾಷ್ಟ್ರದಲ್ಲಿತ್ತು ಎಂಬುದು ಇಲ್ಲಿನ ಕೇಳುಗರಿಗೆ ಕುತೂಹಲದ ಸಂಗತಿ. ಬೆಳಗಾವಿಯನ್ನು ಮಹಾರಾಷ್ಟ್ರಕ್ಕೆ ಸೇರಿಸಬೇಕೆಂದು 1966ರಲ್ಲಿ ಸೇನಾಪತಿ ಬಾಪಟ್ ಉಪವಾಸ ಕೂತರು. ಆ ಒತ್ತಡದಲ್ಲಿ ಕೇಂದ್ರ ಸರ್ಕಾರ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್‌ಚಂದ್ ಮಹಾಜನರ ಆಯೋಗವನ್ನು ನೇಮಿಸಿತು. ಬೆಳಗಾವಿಗಾಗಿ ಹುಟ್ಟಿದ ಆಯೋಗದ ಮುಂದೆ ಕಾಸರಗೋಡಿನ ಅರ್ಜಿಯೂ ಹೋಯಿತು.

1967ರ ಆಗಸ್ಟಿನ ವರದಿಯಲ್ಲಿ ಮಹಾಜನರು, ಬೆಳಗಾವಿ ನಗರ ಮೈಸೂರಿನಲ್ಲೇ ಇರಲಿ, ಜತ್ತ ಮತ್ತು ಅಕ್ಕಲಕೋಟೆ ಕಡೆಯ ಕನ್ನಡ ಊರುಗಳು ಮೈಸೂರಿಗೆ ಬರಲಿ, ನಿಪ್ಪಾಣಿ ಕಡೆಯ ಊರುಗಳು ಮಹಾರಾಷ್ಟ್ರಕ್ಕೆ ಹೋಗಲಿ ಎಂದರು. ಕಾಸರಗೋಡಿನ ವಿಷಯದಲ್ಲಿ ಚಂದ್ರಗಿರಿ ಹೊಳೆಯ ಉತ್ತರ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕು ಎಂದರು. ಅಂದರೆ ಇಡೀ ಮಂಜೇಶ್ವರ ಕ್ಷೇತ್ರ!

ಆದರೆ ವರದಿ ಬೆಳಗಾವಿಯ ಕಲ್ಲಿಗೆ ಎಡವಿತು. ಮಹಾರಾಷ್ಟ್ರ ಅದನ್ನು ಒಪ್ಪಲಿಲ್ಲ, ಕೇರಳವೂ ಒಪ್ಪಲಿಲ್ಲ. ಕೇಂದ್ರ ಅದನ್ನು ಜಾರಿ ಮಾಡಲಿಲ್ಲ. ಬೆಳಗಾವಿಯ ಜಗಳ ಮುಗಿಯದೆ ಕಾಸರಗೋಡಿನ ಸರದಿ ಬರುವಂತಿರಲಿಲ್ಲ. ಗೋವಿಂದ ಪೈಗಳು ಈ ವರದಿಯನ್ನೂ ನೋಡಲಿಲ್ಲ. 1963ರಲ್ಲೇ ತೀರಿಕೊಂಡಿದ್ದರು. ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ತುಂಬಿ 2015ರ ಆಗಸ್ಟಿನಲ್ಲಿ ಹೋದರು. ವಿಲೀನದ ಮಾತನ್ನು ಕೊನೆಯವರೆಗೂ ಬಿಡದ ಅವರ ಬದುಕಿನ ಕೊನೆಯ ಐವತ್ತೊಂಬತ್ತು ವರ್ಷ ಕೇರಳದಲ್ಲೇ ಕಳೆಯಿತು.

ಮಾತಿಗಿಂತ ಮಣ್ಣು

ಈಗ ಕಥೆ ತಿರುಗುವ ಜಾಗಕ್ಕೆ ಬಂದೆವು. 1970ರ ಸೆಪ್ಟೆಂಬರಿನಲ್ಲಿ ಮತ್ತೆ ಚುನಾವಣೆ. ನಾಲ್ಕು ಸಲ ಭಾಷೆಗೆ ಓಟು ಹಾಕಿದ ಮಂಜೇಶ್ವರ ಈ ಸಲ ಸಿಪಿಐ ಪಕ್ಷದ ಎಂ. ರಾಮಪ್ಪ ಅವರನ್ನು ಆರಿಸಿತು. ಜನ ಕನ್ನಡವನ್ನು ಮರೆತರೇ? ನನಗೆ ಹಾಗೆ ಅನ್ನಿಸುವುದಿಲ್ಲ.

ದಕ್ಷಿಣ ಕನ್ನಡದವರಿಗೆ ಮೂಲಗೇಣಿ, ಚಾಲಗೇಣಿ ಎಂಬ ಮಾತುಗಳು ಗೊತ್ತಿರುತ್ತವೆ. ಮೂಲಗೇಣಿಯವನಿಗೆ ಭೂಮಿಯ ಮೇಲೆ ಶಾಶ್ವತ ಹಕ್ಕು. ಚಾಲಗೇಣಿಯವನು ಧಣಿ ಬಾ ಎಂದಾಗ ಬರಬೇಕು, ಹೋಗು ಎಂದಾಗ ಹೋಗಬೇಕು. ಧಣಿಯೂ ಒಕ್ಕಲೂ ಮಾತಾಡುವುದು ಒಂದೇ ತುಳು. ಇಬ್ಬರೂ ನೋಡುವುದು ಒಂದೇ ಯಕ್ಷಗಾನ. ಆದರೆ ಗೇಣಿಯ ಅಕ್ಕಿ ಅಳೆಯುವಾಗ ಇಬ್ಬರ ಲೆಕ್ಕ ಬೇರೆ ಬೇರೆ. 1970ರ ಜನವರಿ 1ರಂದು ಕೇರಳದಲ್ಲಿ ಭೂಸುಧಾರಣೆಯ ತಿದ್ದುಪಡಿ ಕಾಯ್ದೆ ಜಾರಿಗೆ ಬಂತು. ಗೇಣಿ ಪದ್ಧತಿ ಹೋಯಿತು, ಉಳುವವನಿಗೆ ಭೂಮಿ ಕೊಡುವ ದಾರಿ ತೆರೆಯಿತು. ಆಗಿನ ಮುಖ್ಯಮಂತ್ರಿ ಸಿ. ಅಚ್ಯುತ ಮೆನನ್ ಅವರು ರಾಮಪ್ಪನವರ ಸಿಪಿಐ ಪಕ್ಷದವರೇ.

ತಲಪಾಡಿಯ ಆಚೆ, ಅಂದರೆ ಕನ್ನಡ ರಾಜ್ಯದಲ್ಲಿ, ದೇವರಾಜ ಅರಸರ ಭೂಸುಧಾರಣಾ ಕಾಯ್ದೆ ಜಾರಿಗೆ ಬಂದದ್ದು 1974ರ ಮಾರ್ಚಿನಲ್ಲಿ. ಗಡಿಯ ಈಚೆಯ ಒಕ್ಕಲಿಗೆ ನಾಲ್ಕು ವರ್ಷ ಮೊದಲೇ ಕಾನೂನಿನ ಬಲ ಸಿಕ್ಕಿತ್ತು. ಕೇರಳಕ್ಕೆ ಹೋದದ್ದರಿಂದ ನಷ್ಟವಾಯಿತು ಎಂದು ಮೇಲಿನ ಮನೆಯವರು ಹೇಳುವಾಗ, ಬಯಲಿನ ಗದ್ದೆಯಲ್ಲಿ ನಿಂತವನ ಲೆಕ್ಕದಲ್ಲಿ ಲಾಭವೂ ಇತ್ತು. ಒಂದೇ ಭಾಷೆಯವರು ಎಂದರೆ ಒಂದೇ ಕಷ್ಟದವರು ಎಂದಲ್ಲ. ಈ ಸತ್ಯ ಮೊದಲ ಮೂರು ನಾಲ್ಕು ಚುನಾವಣೆಗಳಲ್ಲಿ ಒಳಗೇ ಇತ್ತು, 1970ರಲ್ಲಿ ಮತಪೆಟ್ಟಿಗೆಯಿಂದ ಹೊರಗೆ ಬಂತು ಎಂದು ನನ್ನ ಭಾವನೆ.

ತುರ್ತು ಪರಿಸ್ಥಿತಿಯಿಂದಾಗಿ ಮುಂದಿನ ಚುನಾವಣೆ ನಡೆದದ್ದು 1977ರಲ್ಲಿ. ಆಗಲೂ ರಾಮಪ್ಪ ಗೆದ್ದರು. 1980 ಮತ್ತು 1982ರಲ್ಲಿ ಅದೇ ಸಿಪಿಐಯ ಡಾ. ಎ. ಸುಬ್ಬರಾವ್. 1980ರ ಇ.ಕೆ. ನಾಯನಾರ್ ಸರ್ಕಾರದಲ್ಲಿ ಸುಬ್ಬರಾವ್ ಅವರು ನೀರಾವರಿ ಸಚಿವರೂ ಆದರು. 1957ರಲ್ಲಿ ನಾವು ನಿಮ್ಮವರಲ್ಲ ಎಂದ ಕ್ಷೇತ್ರದ ಪ್ರತಿನಿಧಿ ಕೇರಳದ ಮಂತ್ರಿಮಂಡಲದಲ್ಲಿ ಕೂತರು. 1984ರ ಮೇ 24ರಂದು ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. ಅಲ್ಲಿಯವರೆಗೆ ಅದು ಕಣ್ಣೂರು ಜಿಲ್ಲೆಯ ಬಾಲದಂತಿತ್ತು.

ಎರಡು ಹೋಳು

1987ರಲ್ಲಿ ಮೂರನೇ ಅಧ್ಯಾಯ ಶುರು. ಕಾಂಗ್ರೆಸ್ ನಾಯಕತ್ವದ ಐಕ್ಯರಂಗದಲ್ಲಿ ಈ ಸೀಟು ಮುಸ್ಲಿಂ ಲೀಗಿನ ಪಾಲಿಗೆ ಬಂತು. ಲೀಗಿನ ಚೆರ್ಕಳಂ ಅಬ್ದುಲ್ಲ 1987, 1991, 1996, 2001, ಹೀಗೆ ಸತತ ನಾಲ್ಕು ಸಲ ಗೆದ್ದರು. 2001ರಲ್ಲಿ ಎ.ಕೆ. ಆಂಟನಿ ಸರ್ಕಾರದಲ್ಲಿ ಸ್ಥಳೀಯಾಡಳಿತ ಸಚಿವರಾದರು. ಇನ್ನೊಂದು ಕಡೆ ಬಿಜೆಪಿ ಇಲ್ಲಿ ಬಲವಾಗಿ ಬೆಳೆಯಿತು. ಕೇರಳದ ಉಳಿದೆಡೆ ಆ ಪಕ್ಷದ ಹೆಸರು ಅಷ್ಟಾಗಿ ಕೇಳದ ಕಾಲದಲ್ಲೇ, 1991ರಲ್ಲಿ, ಅದರ ಹಿರಿಯ ನಾಯಕ ಕೆ.ಜಿ. ಮಾರಾರ್ ಇಲ್ಲಿ ಸುಮಾರು ಒಂದು ಸಾವಿರ ಮತಗಳಿಂದ ಸೋತರು. ಕೇರಳದಲ್ಲಿ ಕಮಲ ಮೊದಲು ಅರಳುವುದು ಮಂಜೇಶ್ವರದಲ್ಲಿ ಎಂಬ ಮಾತು ಹುಟ್ಟಿದ್ದು ಆಗ. ಆದರೆ ಮೊದಲು ಅರಳಿದ್ದು ಇಲ್ಲಲ್ಲ. 2016ರಲ್ಲಿ ಬಿಜೆಪಿ ಕೇರಳದ ಮೊದಲ ಶಾಸಕನನ್ನು ಪಡೆದದ್ದು ರಾಜಧಾನಿಯ ನೇಮಂ ಕ್ಷೇತ್ರದಿಂದ.

ಹೀಗೆ ಧಣಿ ಒಕ್ಕಲುಗಳ ಗೆರೆಯ ಬದಲಿಗೆ ಇನ್ನೊಂದು ಗೆರೆ ಬಂತು. ಭಾಷೆಯನ್ನು ಎದುರಿಗಿಟ್ಟು ಗೆಲ್ಲುವ ಪಕ್ಷೇತರರ ಕಾಲ ಮುಗಿಯಿತು. ಎಡಪಕ್ಷಗಳು ಮೂರನೇ ಶಕ್ತಿಯಾಗಿ ಉಳಿದವು. ಆ ಮೂರನೇ ಪಾಲು ಯಾವ ಕಡೆ ಎಷ್ಟು ವಾಲುತ್ತದೆ ಎಂಬುದರ ಮೇಲೆ ಪ್ರತಿ ಸಲದ ಫಲಿತಾಂಶ. 2006ರಲ್ಲಿ ಆ ಮೂರನೇ ಶಕ್ತಿಯೇ ಗೆದ್ದು ಎಲ್ಲರನ್ನೂ ಬೆರಗುಗೊಳಿಸಿತು. ಸಿಪಿಎಂನ ಸಿ.ಎಚ್. ಕುಂಞಂಬು 4,829 ಮತಗಳಿಂದ ಗೆದ್ದರು. ಬಿಜೆಪಿ ಎರಡನೆಯದು, ನಾಲ್ಕು ಸಲದ ಶಾಸಕ ಚೆರ್ಕಳಂ ಮೂರನೆಯವರು. 2011ರಲ್ಲಿ ಲೀಗಿನ ಪಿ.ಬಿ. ಅಬ್ದುಲ್ ರಝಾಕ್ ಬಿಜೆಪಿಯ ಕೆ. ಸುರೇಂದ್ರನ್ ಅವರನ್ನು 5,828 ಮತಗಳಿಂದ ಸೋಲಿಸಿ ಸೀಟನ್ನು ಮರಳಿ ಪಡೆದರು.

ಆ 89

ಮತ್ತೆ 2016ರ ಮೇ 19ಕ್ಕೆ ಬರೋಣ. ಅದೇ ಇಬ್ಬರ ನಡುವೆ ಮರುಪಂದ್ಯ. ರಝಾಕ್ 56,870. ಸುರೇಂದ್ರನ್ 56,781. ಎಡರಂಗದ ಕುಂಞಂಬು 42,565. ಬಿಜೆಪಿ ಅಭ್ಯರ್ಥಿಯ ಹೆಸರನ್ನೇ ಹೋಲುವ ಹೆಸರಿನ ಇನ್ನೊಬ್ಬ ಅಭ್ಯರ್ಥಿಗೆ 467 ಮತ ಬಿದ್ದಿತ್ತು. ಆ 467ರಲ್ಲಿ ಎಷ್ಟು ತಿಳಿದು ಹಾಕಿದ್ದು, ಎಷ್ಟು ತಪ್ಪಿ ಹಾಕಿದ್ದು ಎಂದು ದೇವರೇ ಬಲ್ಲ!

ಸೋತವರು ಹೈಕೋರ್ಟಿಗೆ ಹೋದರು. ಸತ್ತವರ ಹೆಸರಿನಲ್ಲಿ, ಮತದಾನದ ದಿನ ವಿದೇಶದಲ್ಲಿದ್ದವರ ಹೆಸರಿನಲ್ಲಿ ಮತ ಬಿದ್ದಿದೆ ಎಂಬುದು ದೂರು. ಕೋರ್ಟು ಮತದಾರರಿಗೆ ಸಮನ್ಸ್ ಕಳಿಸಿತು. ಸತ್ತವರೆಂದು ದೂರಿನಲ್ಲಿದ್ದ ಹೆಸರಿನವರು ಜೀವಂತವಾಗಿ ಮನೆ ಬಾಗಿಲಲ್ಲಿ ನಿಂತು ಸಮನ್ಸ್ ಪಡೆದ ಸುದ್ದಿಯೂ ಬಂತು. ಗಲ್ಫಿನಲ್ಲಿದ್ದವರ ಪಾಸ್‌ಪೋರ್ಟು, ವಿಮಾನದ ದಿನಾಂಕ ಎಲ್ಲ ಚರ್ಚೆಗೆ ಬಂದವು. ಪ್ರಕರಣ ಮುಗಿಯುವ ಮೊದಲೇ, 2018ರ ಅಕ್ಟೋಬರ್ 20ರಂದು ಶಾಸಕ ರಝಾಕ್ ತೀರಿಕೊಂಡರು. 2019ರಲ್ಲಿ ಅರ್ಜಿಯನ್ನು ಹಿಂದಕ್ಕೆ ಪಡೆದ ಮೇಲೆಯೇ ಉಪಚುನಾವಣೆಯ ದಾರಿ ತೆರೆದದ್ದು. ಅದು ನಡೆದದ್ದು 2019ರ ಅಕ್ಟೋಬರ್ 21ಕ್ಕೆ. ಲೆಕ್ಕ ಹಾಕಿ: ಒಂದು ವರ್ಷಕ್ಕೂ ಹೆಚ್ಚು ಕಾಲ ಆ ಎಂಟು ಪಂಚಾಯತುಗಳಿಗೆ ವಿಧಾನಸಭೆಯಲ್ಲಿ ದನಿಯೇ ಇರಲಿಲ್ಲ.

ಉಪಚುನಾವಣೆಯಲ್ಲಿ ಲೀಗಿನ ಎಂ.ಸಿ. ಖಮರುದ್ದೀನ್ ಬಿಜೆಪಿಯ ರವೀಶ ತಂತ್ರಿ ಕುಂಟಾರು ಅವರನ್ನು 7,923 ಮತಗಳಿಂದ ಸೋಲಿಸಿದರು. ಸಿಪಿಎಂ ನಿಲ್ಲಿಸಿದ್ದು ಯಕ್ಷಗಾನ ಕಲಾವಿದರೂ ಆದ ಶಂಕರ ರೈ ಅವರನ್ನು. 2021ರಲ್ಲಿ ಮತ್ತೆ ಉಸಿರು ಬಿಗಿಹಿಡಿಸುವ ಫಲಿತಾಂಶ: ಲೀಗಿನ ಎ.ಕೆ.ಎಂ. ಅಶ್ರಫ್ 65,758, ಸುರೇಂದ್ರನ್ 65,013. ಅಂತರ 745.

ಇಷ್ಟೆಲ್ಲ ಅಂತರದ ಲೆಕ್ಕದ ನಡುವೆ ಎಣ್ಮಕಜೆ ಪಂಚಾಯತಿನ ಪಡ್ರೆ, ಸ್ವರ್ಗ ಊರುಗಳ ಹೆಸರನ್ನೂ ನೆನೆಯಬೇಕು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವರ್ಷಗಟ್ಟಲೆ ಸಿಂಪಡಿಸಿದ ಎಂಡೋಸಲ್ಫಾನ್ ಅಲ್ಲಿನ ಮನೆಮನೆಗಳಲ್ಲಿ ಮಾಡಿಟ್ಟ ಅನಾಹುತಕ್ಕೆ ಯಾವ ಪಕ್ಷದ ಬಣ್ಣವೂ ಇಲ್ಲ. ಅದನ್ನು ಮೊದಲು ಎತ್ತಿ ಹೇಳಿದವರು ಅಲ್ಲಿನ ವೈದ್ಯರು, ಪತ್ರಕರ್ತರು, ಊರಿನ ಜನ. ಶಾಸಕರ ಮಾತು ಬಂದದ್ದು ಅದರ ನಂತರ.

ಪ್ರಮಾಣವಚನದ ಕನ್ನಡ

ಹಾಗಾದರೆ ಕನ್ನಡ ಎಲ್ಲಿ ಹೋಯಿತು? ಇದೇ ಈ ಕಥೆಯಲ್ಲಿ ನನಗೆ ತುಂಬ ಹಿಡಿಸಿದ ಭಾಗ. 2016ರಲ್ಲಿ 89 ಮತಗಳಿಂದ ಗೆದ್ದ ಅಬ್ದುಲ್ ರಝಾಕ್ ತಿರುವನಂತಪುರದ ವಿಧಾನಸಭೆಯಲ್ಲಿ ಎದ್ದು ನಿಂತು ಪ್ರಮಾಣವಚನ ಸ್ವೀಕರಿಸಿದ್ದು ಕನ್ನಡದಲ್ಲಿ. 2021ರಲ್ಲಿ ಅಶ್ರಫ್ ಪ್ರಮಾಣ ಮಾಡಿದ್ದೂ ಕನ್ನಡದಲ್ಲೇ. ಕನ್ನಡವನ್ನು ಒಂದು ಜಾತಿಗೋ ಒಂದು ಮತಕ್ಕೋ ಕಟ್ಟಿಹಾಕಿ ನೋಡುವವರು ಈ ಎರಡು ಚಿತ್ರಗಳನ್ನು ಒಮ್ಮೆ ನೆನಪಿಸಿಕೊಳ್ಳಬೇಕು.

2017ರಲ್ಲಿ ಕೇರಳ ಸರ್ಕಾರ ಶಾಲೆಗಳಲ್ಲಿ ಮಲಯಾಳ ಕಲಿಕೆಯನ್ನು ಕಡ್ಡಾಯ ಮಾಡುವ ಕಾನೂನು ತಂದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದರು. ಆ ಹೋರಾಟದಲ್ಲಿ ಗಡಿ ಬದಲಿಸಿ ಎಂಬ ಕೂಗಿಗಿಂತ ನಮ್ಮ ಮಕ್ಕಳ ಶಾಲೆ ಉಳಿಸಿ, ನಮ್ಮ ಅರ್ಜಿಗೆ ನಮ್ಮ ಭಾಷೆಯಲ್ಲಿ ಉತ್ತರ ಕೊಡಿ ಎಂಬ ಮಾತು ಮುಂದಿತ್ತು. ಬೇಡಿಕೆ ಚಿಕ್ಕದಾಗಿದೆ ಎನ್ನಬಹುದು. ದಿನನಿತ್ಯದ ಬದುಕಿಗೆ ಹತ್ತಿರವಾಗಿದೆ ಎಂದೂ ಹೇಳಬಹುದು.

ಇನ್ನೊಂದು ಕಹಿ ನೆನಪನ್ನೂ ಹೇಳದೆ ಇರಲಾರೆ. 2020ರ ಮಾರ್ಚ್ ಕೊನೆಯಲ್ಲಿ ಕೊರೊನಾ ಲಾಕ್‌ಡೌನ್ ಬಂದಾಗ ತಲಪಾಡಿಯ ಗಡಿಯನ್ನು ಮುಚ್ಚಿದ್ದು ಕರ್ನಾಟಕ. ಮಂಜೇಶ್ವರದವರಿಗೆ ದೊಡ್ಡ ಆಸ್ಪತ್ರೆ ಎಂದರೆ ದೇರಳಕಟ್ಟೆ, ಮಂಗಳೂರು. ಆಂಬುಲೆನ್ಸುಗಳು ಗಡಿಯಿಂದ ಹಿಂದೆ ತಿರುಗಿದವು. ಚಿಕಿತ್ಸೆ ಸಿಗದೆ ಹಲವರು ಪ್ರಾಣ ಬಿಟ್ಟರು. ವಿಷಯ ಕೇರಳ ಹೈಕೋರ್ಟು, ಸುಪ್ರೀಂ ಕೋರ್ಟುಗಳವರೆಗೆ ಹೋಯಿತು. ಯಾವ ರಾಜ್ಯಕ್ಕೆ ಸೇರಬೇಕೆಂದು ಈ ಊರಿನ ಹಿರಿಯರು ನಾಲ್ಕು ಚುನಾವಣೆ ಗೆದ್ದಿದ್ದರೋ ಆ ರಾಜ್ಯದ ಬಾಗಿಲು ಅವರ ಮೊಮ್ಮಕ್ಕಳಿಗೆ ಮುಚ್ಚಿತ್ತು.

ನಮ್ಮ ಓಟು ಎಲ್ಲಿ?

ಕೇಳುಗ ಮಿತ್ರರೇ, ಈ ಕಥೆಯಿಂದ ನನಗೆ ತಿಳಿದದ್ದು ಇಷ್ಟು. ಓಟಿನಿಂದ ಗಡಿ ಬದಲಾಗಲಿಲ್ಲ. ಆದರೆ ಆ ನಾಲ್ಕು ಗೆಲುವುಗಳಿಲ್ಲದಿದ್ದರೆ ಮಹಾಜನರು ಚಂದ್ರಗಿರಿಯವರೆಗೆ ನೋಡುತ್ತಿದ್ದರೋ ಇಲ್ಲವೋ. ಅವಿರೋಧದಿಂದ 89ಕ್ಕೆ ಬಂದದ್ದನ್ನು ಬರೇ ಒಡಕು ಎಂದೂ ಹೇಳಲಾರೆ. ಒಕ್ಕಲಿನವನಿಗೆ ತನ್ನದೇ ಓಟು ಸಿಕ್ಕಿತು, ಸಮುದ್ರ ತೀರದವನಿಗೆ ಸಿಕ್ಕಿತು, ಒಳನಾಡಿನವನಿಗೆ ಸಿಕ್ಕಿತು. ಒಬ್ಬೊಬ್ಬರ ಓಟಿಗೂ ಬೆಲೆ ಬಂತು. ಬೆಲೆ ಎಷ್ಟೆಂದರೆ 90 ಜನ ಮನೆಯಲ್ಲೇ ಉಳಿದರೆ ಶಾಸಕನೇ ಬದಲಾಗುವಷ್ಟು.

ಹೊರಗೆ ಇರುವ ನಮಗೆ ಇದರಲ್ಲಿ ಒಂದು ಪಾಠವಿದೆ. 2010ರ ತಿದ್ದುಪಡಿಯ ನಂತರ, ದುಬೈಯಲ್ಲಿರುವ ಮಂಜೇಶ್ವರದವನು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಊರಿನ ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸಬಹುದು. ಬಂದು ಖುದ್ದಾಗಿ ಓಟು ಹಾಕಬೇಕು ಅಷ್ಟೇ. ಮುಂಬಯಿಯಲ್ಲೋ ಪುಣೆಯಲ್ಲೋ ನೆಲೆಸಿದವನಿಗೆ ಆ ಸವಲತ್ತಿಲ್ಲ. ಸಾಮಾನ್ಯವಾಗಿ ಎಲ್ಲಿ ವಾಸವೋ ಅಲ್ಲಿಯೇ ಹೆಸರು ಎನ್ನುತ್ತದೆ ಕಾನೂನು. ಎರಡು ಕಡೆ ಹೆಸರಿದ್ದರೆ ತಪ್ಪು. ನಮ್ಮಲ್ಲಿ ಎಷ್ಟೋ ಜನ ಊರಿನ ಪಟ್ಟಿಯಿಂದ ಹೆಸರು ತೆಗೆಸಲು ಮನಸ್ಸಿಲ್ಲದೆ, ಇಲ್ಲಿ ಸೇರಿಸಲು ಪುರುಸೊತ್ತಿಲ್ಲದೆ, ಎರಡೂ ಕಡೆ ಓಟು ಹಾಕದೆ ಉಳಿದಿದ್ದೇವೆ.

ಆ ಸಂಜೆ ಫೋನ್ ಮಾಡಿದ ಹಿರಿಯರನ್ನೂ ನಾನು ಇದನ್ನೇ ಕೇಳಿದ್ದೆ: "ನೀವು ಊರಿಗೆ ಹೋಗಿ ಓಟು ಹಾಕಿ ಬಂದ್ರಾ?"

"ಎಲ್ಲಿಂದ! ನನ್ನ ಹೆಸರು ಅಲ್ಲಿ ಯಾವಾಗಲೋ ಹೋಗಿದೆ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಇಲ್ಲಿ ಮಾತ್ರ ಒಂದು ಸಲವೂ ತಪ್ಪಿಸಿದವನಲ್ಲ ನಾನು. ಓಟಿನ ಬೆಲೆ ನಮ್ಮೂರಿನವರಿಗೆ ಹೇಳಿ ಕೊಡ್ಬೇಕಾ ಮಾರಾಯ್ರೇ?" ಎಂದರು.

ನಿಮ್ಮ ಊರಿನ ಮೊದಲ ಚುನಾವಣೆಯ ಬಗ್ಗೆ ಮನೆಯ ಹಿರಿಯರು ಹೇಳಿದ ಮಾತುಗಳಿದ್ದರೆ ನಮಗೆ ಬರೆದು ಕಳಿಸಿ. ಯಾವ ಕ್ಷೇತ್ರ, ಯಾವ ವರ್ಷ ಎಂಬುದನ್ನು ಮರೆಯದೆ ಬರೆಯಿರಿ. ಬಂದ ಪತ್ರಗಳನ್ನು ಕಾರ್ಯಕ್ರಮದಲ್ಲಿ ಓದೋಣ. ಮತ್ತೆ ಅದೇ ಸಮಯಕ್ಕೆ ರೇಡಿಯೋದಲ್ಲಿ ಸಿಗೋಣ.